ಲಿಂಬೆಹಣ್ಣಿಗೆ ಸಾಕ್ಷಿ ನಿಂತ ಹಡಗಿನ ವೈದ್ಯ: ಡಾ| ಜೇಮ್ಸ್ ಲಿಂಡ್

ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಮದ್ದು ಹೇಳುವವರಿಗೆ ಬರವಿಲ್ಲ. ನೆರೆಮನೆಯ ಅಜ್ಜಿ ಒಂದು ಕಷಾಯ ಹೇಳುತ್ತಾರೆ. ಪೇಟೆಯಿಂದ ಬಂದ ಭಾವ ಒಂದು ಮಾತ್ರೆಯ ಹೆಸರು ಹೇಳುತ್ತಾನೆ. ಎಲ್ಲೋ ಓದಿದ ನೆನಪಿನಿಂದ ಮತ್ತೊಬ್ಬರು ಪಥ್ಯ ಸೂಚಿಸುತ್ತಾರೆ. ಆ ಮದ್ದಿನಿಂದ ಗುಣವಾದವನೊಬ್ಬನ ಉದಾಹರಣೆ ಪ್ರತಿಯೊಬ್ಬರ ಬಳಿಯೂ ಇದ್ದೇ ಇರುತ್ತದೆ. ಇವರಲ್ಲಿ ಯಾರೂ ಸುಳ್ಳು ಹೇಳುವವರಲ್ಲ. ಆದರೆ ಎಲ್ಲರ ಮಾತಿಗೂ ಒಂದೇ ತೂಕವೇ? ಇಲ್ಲವಾದರೆ ಯಾವುದಕ್ಕೆ ಎಷ್ಟು ತೂಕ? ಈ ಪ್ರಶ್ನೆಗೆ ಇನ್ನೂರೆಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ, ಒಂದು ಯುದ್ಧನೌಕೆಯ ಒಳಗೆ ಉತ್ತರ ಹುಡುಕಹೊರಟ ವೈದ್ಯನೊಬ್ಬನ ಜೀವನವನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ. ಉತ್ತರ ಅವನ ಕೈಗೆ ಸಿಕ್ಕಿತು. ಆದರೆ ಅದಕ್ಕೆ ಸಲ್ಲಬೇಕಾದ ಬೆಲೆಯನ್ನು ಅವನ ಕಾಲವೂ ಕಟ್ಟಲಿಲ್ಲ, ಪೂರ್ತಿಯಾಗಿ ಅವನೂ ಕಟ್ಟಲಿಲ್ಲ.

ಜೇಮ್ಸ್ ಲಿಂಡ್ ಹುಟ್ಟಿದ್ದು 1716ರ ಅಕ್ಟೋಬರ್ 4ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ. ಮನೆತನ ವ್ಯಾಪಾರಿಗಳದ್ದು. ಆ ಕಾಲದಲ್ಲಿ ಶಸ್ತ್ರವೈದ್ಯನಾಗಬೇಕಾದವನು ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಲೇಬೇಕೆಂದಿರಲಿಲ್ಲ. ಅನುಭವಿ ಗುರುವೊಬ್ಬನ ಬಳಿ ಹಲವು ವರ್ಷ ಕೈಕೆಳಗೆ ದುಡಿದು ಕಲಿಯುವುದು ವಾಡಿಕೆ. ಲಿಂಡ್ ಕೂಡ 1731ರಲ್ಲಿ ಎಡಿನ್‌ಬರೋದ ಜಾರ್ಜ್ ಲ್ಯಾಂಗ್ಲೆಂಡ್ಸ್ ಎಂಬ ಶಸ್ತ್ರವೈದ್ಯನ ಶಿಷ್ಯನಾದನು. 1739ರಲ್ಲಿ ಬ್ರಿಟನ್ನಿಗೂ ಸ್ಪೇಯ್ನಿಗೂ ಯುದ್ಧ ಹತ್ತಿಕೊಂಡಿತು. ಅದೇ ವರ್ಷ ಅವನು ಹಡಗಿನ ವೈದ್ಯನ ಸಹಾಯಕನಾಗಿ ನೌಕಾಪಡೆ ಸೇರಿದನು. ಮೆಡಿಟರೇನಿಯನ್ ಸಮುದ್ರ, ಪಶ್ಚಿಮ ಆಫ್ರಿಕದ ಗಿನಿ ಕರಾವಳಿ, ವೆಸ್ಟ್ ಇಂಡೀಸ್ ದ್ವೀಪಗಳು, ಹೀಗೆ ಎಂಟು ವರ್ಷ ನೀರಿನ ಮೇಲೆಯೇ ಕಳೆದು, ಕೊನೆಗೆ 50 ತೋಪುಗಳ ‘ಸಾಲಿಸ್‌ಬರಿ’ ಎಂಬ ಯುದ್ಧನೌಕೆಯ ಪೂರ್ಣಾಧಿಕಾರದ ವೈದ್ಯನಾದನು.

ಸಮುದ್ರದ ಮಾರಿ

ಆ ದಿನಗಳಲ್ಲಿ ದೂರದ ಯಾತ್ರೆ ಹೊರಟ ನಾವಿಕರಿಗೆ ಬಿರುಗಾಳಿಗಿಂತಲೂ ಶತ್ರುವಿನ ಗುಂಡಿಗಿಂತಲೂ ಹೆಚ್ಚಿನ ಭಯ ಸ್ಕರ್ವಿ ಎಂಬ ರೋಗದ್ದು. ದಡ ಬಿಟ್ಟು ಕೆಲವು ವಾರಗಳಾದ ಮೇಲೆ ಮೊದಲು ಮೈಯಲ್ಲಿ ಆಲಸ್ಯ, ಮೊಣಕಾಲಲ್ಲಿ ನೋವು. ಬಳಿಕ ವಸಡು ಬಾತು ಮೆತ್ತಗಾಗಿ ನೆತ್ತರು ಒಸರುತ್ತದೆ. ಹಲ್ಲು ಅಲುಗುತ್ತದೆ, ಬಾಯಿ ನಾರುತ್ತದೆ. ಚರ್ಮದ ಮೇಲೆ ಕಪ್ಪು ನೀಲಿ ಕಲೆಗಳೇಳುತ್ತವೆ. ಎಂದೋ ಮಾಗಿದ ಹಳೆಯ ಗಾಯ ಮತ್ತೆ ಬಾಯಿ ತೆರೆಯುತ್ತದೆ. ಕೊನೆಗೆ ಎದ್ದು ನಿಲ್ಲಲು ಹೋದವನು ಅಲ್ಲಿಯೇ ಕುಸಿದು ಪ್ರಾಣ ಬಿಡುವುದೂ ಉಂಟು. ಹಡಗಿನ ಊಟವೆಂದರೆ ಒಣ ಬಿಸ್ಕತ್ತು, ಉಪ್ಪು ಹಾಕಿದ ಮಾಂಸ, ಒಣ ಬಟಾಣಿ. ಹಸಿ ತರಕಾರಿಯಾಗಲಿ ಹಣ್ಣಾಗಲಿ ತಿಂಗಳುಗಟ್ಟಲೆ ಕಣ್ಣಿಗೂ ಬೀಳುತ್ತಿರಲಿಲ್ಲ.

1740ರಲ್ಲಿ ಜಾರ್ಜ್ ಆನ್ಸನ್ ಎಂಬ ನೌಕಾಧಿಪತಿ ಆರು ಯುದ್ಧನೌಕೆಗಳೊಂದಿಗೆ ಇಂಗ್ಲೆಂಡಿನಿಂದ ಹೊರಟನು. 1744ರಲ್ಲಿ ಭೂಪ್ರದಕ್ಷಿಣೆ ಮುಗಿಸಿ ಮರಳಿದ್ದು ಅವುಗಳಲ್ಲಿ ಒಂದೇ ಒಂದು. ಆ ಯಾತ್ರೆಯಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಯುದ್ಧದಲ್ಲಿ ಮಡಿದವರು ಬೆರಳೆಣಿಕೆಯಷ್ಟು. ಉಳಿದವರನ್ನು ಕೊಂಡೊಯ್ದದ್ದು ರೋಗ, ಅದರಲ್ಲಿಯೂ ಹೆಚ್ಚಾಗಿ ಸ್ಕರ್ವಿ. ಈ ಯಾತ್ರೆಯ ವೃತ್ತಾಂತವೇ ಮುಂದೆ ಲಿಂಡ್ ಪುಸ್ತಕ ಬರೆಯಲು ಪ್ರೇರಣೆಯಾಯಿತು.

ರೋಗಕ್ಕೆ ಮದ್ದಿರಲಿಲ್ಲವೇ ಎಂದು ಕೇಳಿದರೆ, ಮದ್ದು ಅತಿಯಾಗಿ ಇದ್ದುದೇ ತೊಂದರೆಯಾಗಿತ್ತು ಎಂದು ಹೇಳಬೇಕಾಗುತ್ತದೆ. ಗಂಧಕಾಮ್ಲ ಬೆರೆಸಿದ ದ್ರಾವಣವೇ ಉತ್ತಮವೆಂದು ದೊಡ್ಡ ವೈದ್ಯರು ಹೇಳಿದುದರಿಂದ ನೌಕಾಪಡೆ ಅದನ್ನೇ ಹಡಗುಗಳಿಗೆ ಒದಗಿಸುತ್ತಿತ್ತು. ವಿನೆಗರ್ ಸಾಕೆಂದು ಕೆಲವರು, ಸಮುದ್ರದ ನೀರನ್ನೇ ಕುಡಿಯಬೇಕೆಂದು ಕೆಲವರು, ಸೇಬಿನ ಹುಳಿಮದ್ಯವೆಂದು ಇನ್ನು ಕೆಲವರು. ಕಿತ್ತಳೆ ಲಿಂಬೆಗಳ ಹೆಸರೂ ಈ ಪಟ್ಟಿಯಲ್ಲಿ ಹಿಂದಿನಿಂದಲೇ ಇತ್ತು. 1601ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಮೊದಲ ಯಾತ್ರೆ ಹೊರಟ ಜೇಮ್ಸ್ ಲ್ಯಾಂಕಾಸ್ಟರ್ ತನ್ನ ಹಡಗಿನವರಿಗೆ ಲಿಂಬೆರಸ ಕುಡಿಸಿದ್ದನು. 1617ರಲ್ಲಿ ಜಾನ್ ವುಡಾಲ್ ಎಂಬ ಶಸ್ತ್ರವೈದ್ಯ ಅದನ್ನು ಪುಸ್ತಕದಲ್ಲಿಯೂ ಬರೆದಿದ್ದನು. ಆದರೆ ಹತ್ತು ಮಂದಿ ಹತ್ತು ಮಾತು ಹೇಳುವಲ್ಲಿ ಇದೂ ಒಂದು ಮಾತಾಗಿ ಉಳಿಯಿತೇ ವಿನಾ, ಉಳಿದ ಒಂಬತ್ತಕ್ಕಿಂತ ಇದು ಏಕೆ ಮೇಲು ಎಂದು ತೋರಿಸಿಕೊಡುವವರು ಇರಲಿಲ್ಲ.

ಹನ್ನೆರಡು ಮಂದಿ, ಆರು ಜೋಡಿ

1747ರ ಮೇ 20ರಂದು ‘ಸಾಲಿಸ್‌ಬರಿ’ ಸಮುದ್ರದ ಮೇಲಿತ್ತು. ಹಡಗಿನಲ್ಲಿ ಸ್ಕರ್ವಿ ಹಬ್ಬಿತ್ತು. ಲಿಂಡ್ ಹನ್ನೆರಡು ಮಂದಿ ರೋಗಿಗಳನ್ನು ಆರಿಸಿಕೊಂಡನು. ಸಾಧ್ಯವಾದಷ್ಟು ಮಟ್ಟಿಗೆ ಎಲ್ಲರ ರೋಗಲಕ್ಷಣವೂ ಒಂದೇ ಬಗೆಯದ್ದಾಗಿರುವಂತೆ ನೋಡಿಕೊಂಡನು. ಎಲ್ಲರನ್ನೂ ಹಡಗಿನ ಮುಂಭಾಗದ ಒಂದೇ ಕೋಣೆಯಲ್ಲಿ ಮಲಗಿಸಿದನು. ಎಲ್ಲರಿಗೂ ಒಂದೇ ಊಟ: ಬೆಳಗ್ಗೆ ಸಕ್ಕರೆ ಹಾಕಿದ ಗಂಜಿ, ಮಧ್ಯಾಹ್ನ ಆಗಾಗ ಕುರಿಮಾಂಸದ ಸಾರು, ರಾತ್ರಿ ಬಾರ್ಲಿ, ಅಕ್ಕಿ, ಸಾಗು, ಒಣದ್ರಾಕ್ಷಿ ಮುಂತಾದವು. ಬೇರೆಯಾದದ್ದು ಮದ್ದು ಮಾತ್ರ.

ಇಬ್ಬಿಬ್ಬರಂತೆ ಆರು ಜೋಡಿ ಮಾಡಿದನು. ಮೊದಲ ಜೋಡಿಗೆ ದಿನಕ್ಕೆ ಸುಮಾರು ಒಂದು ಲೀಟರಿನಷ್ಟು ಸೇಬಿನ ಹುಳಿಮದ್ಯ. ಎರಡನೆಯದಕ್ಕೆ ಗಂಧಕಾಮ್ಲದ ದ್ರಾವಣ, ದಿನಕ್ಕೆ ಮೂರು ಬಾರಿ 25 ಹನಿಗಳಂತೆ. ಮೂರನೆಯದಕ್ಕೆ ದಿನಕ್ಕೆ ಮೂರು ಬಾರಿ ಎರಡೆರಡು ಚಮಚ ವಿನೆಗರ್. ನಾಲ್ಕನೆಯ ಜೋಡಿಗೆ, ಅಂದರೆ ತೀರ ಕಷ್ಟದಲ್ಲಿದ್ದ ಇಬ್ಬರಿಗೆ, ಸಮುದ್ರದ ನೀರು. ಐದನೆಯ ಜೋಡಿಗೆ ದಿನಕ್ಕೆ ಎರಡು ಕಿತ್ತಳೆ ಮತ್ತು ಒಂದು ಲಿಂಬೆ. ಆರನೆಯ ಜೋಡಿಗೆ ಬೆಳ್ಳುಳ್ಳಿ, ಸಾಸಿವೆ, ಮೂಲಂಗಿಯ ಬೇರು ಮುಂತಾದವನ್ನು ಅರೆದು ಮಾಡಿದ ಜಾಯಿಕಾಯಿ ಗಾತ್ರದ ಲೇಹ್ಯ. ಜೊತೆಗೆ ಕುಡಿಯಲು ಹುಣಸೆಹುಳಿ ಕಿವುಚಿದ ಬಾರ್ಲಿ ನೀರು. ನಮ್ಮ ಅಡುಗೆಮನೆಯ ಹುಣಸೆಗೂ ಆ ಪರೀಕ್ಷೆಯಲ್ಲಿ ಒಂದು ಸ್ಥಾನವಿತ್ತೆಂಬುದು ನಮ್ಮ ವಾಚಕರಿಗೆ ಸ್ವಾರಸ್ಯವೆನಿಸಬಹುದು.

ಹಡಗಿನಲ್ಲಿದ್ದ ಕಿತ್ತಳೆ ಲಿಂಬೆಗಳು ಆರೇ ದಿನಕ್ಕೆ ಮುಗಿದುವು. ಆದರೆ ಆರು ದಿನವೇ ಸಾಕಾಯಿತು. ಹಣ್ಣು ತಿಂದ ಇಬ್ಬರಲ್ಲಿ ಒಬ್ಬನು ಆ ಹೊತ್ತಿಗೆ ಕೆಲಸಕ್ಕೆ ಮರಳುವಷ್ಟು ಚೇತರಿಸಿಕೊಂಡನು. ಇನ್ನೊಬ್ಬನು ಉಳಿದ ರೋಗಿಗಳ ಶುಶ್ರೂಷೆಗೆ ನಿಲ್ಲುವಷ್ಟು ಗಟ್ಟಿಯಾದನು. ಹುಳಿಮದ್ಯದವರಿಗೆ ಎರಡು ವಾರಗಳಲ್ಲಿ ಸ್ವಲ್ಪ ಗುಣ ಕಂಡಿತು. ನೌಕಾಪಡೆಯ ಅಧಿಕೃತ ಮದ್ದಾದ ಗಂಧಕಾಮ್ಲದ ದ್ರಾವಣ ಕುಡಿದವರ ಬಾಯಿ ಸ್ವಲ್ಪ ಸ್ವಚ್ಛವಾಯಿತೇ ಹೊರತು ರೋಗ ಇಳಿಯಲಿಲ್ಲ.

ಇದರಲ್ಲಿ ಹೊಸದೇನು? ಹಣ್ಣು ಹೊಸದಲ್ಲ. ಒಂದೇ ಕಾಲಕ್ಕೆ, ಒಂದೇ ಜಾಗದಲ್ಲಿ, ಒಂದೇ ಊಟದ ಮೇಲೆ, ಒಂದು ಮದ್ದಿನ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿದ್ದು ಹೊಸದು. ಮದ್ದು ಕೊಟ್ಟ ಮೇಲೆ ರೋಗಿ ಎದ್ದನೆಂದ ಮಾತ್ರಕ್ಕೆ ಮದ್ದಿನಿಂದಲೇ ಎದ್ದನೆಂದು ಹೇಳಲಾಗದು. ತಾನಾಗಿಯೇ ಏಳುತ್ತಿದ್ದನೋ ಏನೋ. ಊಟ ಬದಲಾದುದರಿಂದ ಎದ್ದನೋ, ದಡ ಸೇರಿದುದರಿಂದ ಎದ್ದನೋ. ಪಕ್ಕದ ಹಾಸಿಗೆಯಲ್ಲಿ ಅದೇ ರೋಗದ, ಅದೇ ಊಟದ, ಬೇರೆ ಮದ್ದಿನ ಇನ್ನೊಬ್ಬನಿದ್ದರೆ ಮಾತ್ರ ಈ ಸಂಶಯ ನೀಗುತ್ತದೆ. ಆ ಪಕ್ಕದ ಹಾಸಿಗೆಯನ್ನು ವೈದ್ಯಶಾಸ್ತ್ರಕ್ಕೆ ತೋರಿಸಿಕೊಟ್ಟದ್ದು ಲಿಂಡನ ಹಿರಿಮೆ.

ಪುಸ್ತಕದಲ್ಲಿ ಹೂತುಹೋದ ಸತ್ಯ

1748ರಲ್ಲಿ ಲಿಂಡ್ ನೌಕಾಪಡೆಯನ್ನು ಬಿಟ್ಟು ಎಡಿನ್‌ಬರೋಗೆ ಮರಳಿ, ವಿಶ್ವವಿದ್ಯಾನಿಲಯದಿಂದ ವೈದ್ಯಪದವಿ ಪಡೆದು ಅಲ್ಲಿಯೇ ವೃತ್ತಿ ಆರಂಭಿಸಿದನು. 1753ರಲ್ಲಿ ಸ್ಕರ್ವಿಯ ಕುರಿತಾದ ಅವನ ದೊಡ್ಡ ಗ್ರಂಥ ಹೊರಬಂತು. ನಾನೂರಕ್ಕೂ ಹೆಚ್ಚು ಪುಟಗಳ ಈ ಗ್ರಂಥವನ್ನು ಅವನು ಆನ್ಸನ್ನನಿಗೆ ಅರ್ಪಿಸಿದನು. ಅದರ ಒಂದು ಭಾಗದಲ್ಲಿ ಸ್ಕರ್ವಿಯ ವಿಷಯವಾಗಿ ಅಂದಿನವರೆಗೆ ಬರೆದವರೆಲ್ಲರ ಬರಹಗಳನ್ನು ಕಾಲಕ್ರಮದಲ್ಲಿ ಕಲೆಹಾಕಿ ಒಂದೊಂದನ್ನೂ ಜರಡಿ ಹಿಡಿದಿದ್ದಾನೆ. ವಿಷಯ ಸ್ಪಷ್ಟವಾಗಬೇಕಾದರೆ ಮೊದಲು ಕಸ ಗುಡಿಸಬೇಕೆಂಬುದು ಅವನ ಅಭಿಪ್ರಾಯವಾಗಿತ್ತು.

ಆದರೆ ಅವನ ಸ್ವಂತ ಪರೀಕ್ಷೆಯ ಗತಿ ಏನಾಯಿತು? ಆ ಹನ್ನೆರಡು ಮಂದಿಯ ಕಥೆ ಗ್ರಂಥದ ನಡುವೆ ಕೆಲವೇ ಪುಟಗಳಲ್ಲಿ ಮುಗಿದುಹೋಯಿತು. ತೇವದ ಸಮುದ್ರಗಾಳಿಯಿಂದ ಚರ್ಮದ ರಂಧ್ರಗಳು ಮುಚ್ಚಿ, ಬೆವರಾಗಿ ಹೋಗಬೇಕಾದ ಕಲ್ಮಷ ಒಳಗೇ ಕೊಳೆಯುವುದೇ ರೋಗಕ್ಕೆ ಕಾರಣವೆಂದು ಅವನು ಪುಟಗಟ್ಟಲೆ ವಾದಿಸಿದನು. ಹಸಿ ತರಕಾರಿಯ ಅಭಾವವೊಂದೇ ಕಾರಣವೆಂದು 1734ರಲ್ಲಿಯೇ ಬರೆದಿದ್ದ ಬಾಕ್‌ಸ್ಟ್ರಾಮ್ ಎಂಬ ವೈದ್ಯನ ಮಾತನ್ನು ಅವನು ಒಪ್ಪಲಿಲ್ಲ. ಕಣ್ಣಾರೆ ಕಂಡ ಪರೀಕ್ಷೆಯೂ ತರ್ಕದಿಂದ ಕಟ್ಟಿದ ಸಿದ್ಧಾಂತವೂ ಒಂದೇ ಪಂಕ್ತಿಯಲ್ಲಿ ಕುಳಿತವು. ಓದಿದವರು ತಮಗೆ ಬೇಕಾದುದನ್ನು ಆರಿಸಿಕೊಂಡರು.

ಇನ್ನೊಂದು ಎಡವಟ್ಟು ಅದಕ್ಕಿಂತ ದೊಡ್ಡದು. ಹಣ್ಣು ಹಡಗಿನಲ್ಲಿ ಬಹುಕಾಲ ಉಳಿಯುವುದಿಲ್ಲವೆಂದು ಲಿಂಡ್ ಒಂದು ಉಪಾಯ ಸೂಚಿಸಿದನು. ರಸವನ್ನು ಹಿಂಡಿ, ಬಿಸಿನೀರಿನ ಮೇಲೆ ಪಾತ್ರೆಯಿಟ್ಟು ಗಂಟೆಗಟ್ಟಲೆ ಕಾಯಿಸಿ, ಪಾಕದಂತೆ ಗಟ್ಟಿಯಾದ ಮೇಲೆ ಸೀಸೆಯಲ್ಲಿ ತುಂಬಿಡುವುದು. ಮಾತು ಕೇಳಲು ಸಮಂಜಸವಾಗಿಯೇ ಇದೆ. ಆದರೆ ರಸದಲ್ಲಿರುವ ಗುಣಕಾರಿ ಅಂಶ ದೀರ್ಘಕಾಲದ ಕಾವಿಗೂ ಗಾಳಿಗೂ ನಾಶವಾಗುತ್ತದೆ. ಸೀಸೆಯಲ್ಲಿಟ್ಟಂತೆ ಇನ್ನಷ್ಟು ಕುಂದುತ್ತದೆ. ಹಣ್ಣನ್ನು ಪರೀಕ್ಷಿಸಿದಂತೆ ಈ ಪಾಕವನ್ನು ಅವನು ಆರು ಜೋಡಿ ಮಾಡಿ ಪರೀಕ್ಷಿಸಲಿಲ್ಲ. ಪರೀಕ್ಷೆಗೊಳಗಾದ ಹಣ್ಣಿಗೆ ಸಂದ ವಿಶ್ವಾಸ, ಪರೀಕ್ಷೆಯಿಲ್ಲದ ಪಾಕಕ್ಕೂ ಹಾಗೆಯೇ ಹೋಯಿತು. ಹಡಗುಗಳಲ್ಲಿ ಪಾಕ ಫಲ ಕೊಡದಾದಾಗ ಜನ ಲಿಂಬೆಯನ್ನೇ ಸಂಶಯಿಸಿದರು.

1758ರಲ್ಲಿ ಲಿಂಡ್ ಇಂಗ್ಲೆಂಡಿನ ದಕ್ಷಿಣ ತೀರದ ಗಾಸ್‌ಪೋರ್ಟ್ ಬಳಿಯ ಹ್ಯಾಸ್ಲರ್ ನೌಕಾ ಆಸ್ಪತ್ರೆಯ ಮುಖ್ಯ ವೈದ್ಯನಾಗಿ ನೇಮಕಗೊಂಡನು. ಯೂರೋಪಿನ ಅತಿ ದೊಡ್ಡ ಆಸ್ಪತ್ರೆಗಳಲ್ಲಿ ಅದೊಂದು. ಅಲ್ಲಿ ಸ್ಕರ್ವಿಯ ರೋಗಿಗಳನ್ನು ಅವನು ನೂರಾರು ಸಂಖ್ಯೆಯಲ್ಲಿ ಕಂಡನು. ನಾವಿಕರ ಆರೋಗ್ಯ ಮತ್ತು ಉಷ್ಣದೇಶಗಳ ರೋಗಗಳ ಕುರಿತು ಪುಸ್ತಕ ಬರೆದನು. ಸಮುದ್ರದ ನೀರನ್ನು ಬಟ್ಟಿಯಿಳಿಸಿ ಸಿಹಿನೀರು ಪಡೆಯುವ ಉಪಾಯವನ್ನೂ ಹೇಳಿದನು. ಇಷ್ಟಾದರೂ 1772ರಲ್ಲಿ ಹೊರಬಂದ ಅವನ ಗ್ರಂಥದ ಮೂರನೆಯ ಆವೃತ್ತಿಯಲ್ಲಿಯೂ ಲಿಂಬೆಯ ಪರವಾದ ತೀರ್ಪು ಮೊದಲಿಗಿಂತ ಗಟ್ಟಿಯಾಗಲಿಲ್ಲ.

ಈ ನಡುವೆ 1756ರಿಂದ 1763ರವರೆಗೆ ನಡೆದ ಏಳು ವರ್ಷಗಳ ಯುದ್ಧದ ಲೆಕ್ಕವೊಂದು ಪ್ರಕಟವಾಯಿತು. ಬ್ರಿಟಿಷ್ ನೌಕಾಪಡೆಗೆ ಸೇರಿಸಿಕೊಂಡವರು 1,84,899 ಮಂದಿ. ಕದನದಲ್ಲಿ ಸತ್ತವರು 1,512. ರೋಗದಿಂದ ಸತ್ತವರು ಮತ್ತು ನಾಪತ್ತೆಯಾದವರು ಸೇರಿ 1,33,708. ಇವರೆಲ್ಲ ಸ್ಕರ್ವಿಯಿಂದಲೇ ಸತ್ತವರಲ್ಲ, ನಿಜ. ಆದರೂ ಉತ್ತರವೊಂದು ಅಚ್ಚಾಗಿ ಕಪಾಟಿನಲ್ಲಿ ಕುಳಿತಿದ್ದಾಗ ನಡೆದ ಮಾತಿದು ಎಂಬುದನ್ನು ಮರೆಯುವಂತಿಲ್ಲ.

ಪದಕ ಪಡೆದ ದುರ್ಬಲ ಸಾಕ್ಷ್ಯ

ಕ್ಯಾಪ್ಟನ್ ಜೇಮ್ಸ್ ಕುಕ್ಕನ ಹೆಸರನ್ನು ಭೂಗೋಳದ ಪಾಠದಲ್ಲಿ ಕೇಳದವರಿಲ್ಲ. 1772ರಿಂದ 1775ರವರೆಗಿನ ಅವನ ಎರಡನೆಯ ಮಹಾಯಾತ್ರೆಯಲ್ಲಿ ಸ್ಕರ್ವಿ ಹಾವಳಿ ಮಾಡಲಿಲ್ಲ. ಅವನು ಮೊಳಕೆ ಬರಿಸಿದ ಬಾರ್ಲಿಯ ಕಷಾಯ, ಹುಳಿಬರಿಸಿದ ಎಲೆಕೋಸು, ಒಣಗಿಸಿದ ಸಾರು, ಲಿಂಬೆಯ ಪಾಕ ಎಲ್ಲವನ್ನೂ ಹೊತ್ತೊಯ್ದಿದ್ದನು. ಹಡಗನ್ನು ಚೊಕ್ಕವಾಗಿರಿಸಿದನು. ದಡ ಸಿಕ್ಕಿದಲ್ಲೆಲ್ಲ ಹಸಿ ಸೊಪ್ಪು ತರಿಸಿದನು. ಇಷ್ಟೆಲ್ಲ ಒಟ್ಟಿಗೆ ಮಾಡಿದಾಗ ಯಾವುದರಿಂದ ಫಲವಾಯಿತೆಂದು ಹೇಳುವುದೆಂತು? ಅವನಲ್ಲಿ ಪಕ್ಕದ ಹಾಸಿಗೆ ಇರಲಿಲ್ಲ. ಆದರೂ 1776ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕುಕ್ಕನಿಗೆ ಪದಕ ನೀಡಿತು. ಅದರ ಅಧ್ಯಕ್ಷ ಸರ್ ಜಾನ್ ಪ್ರಿಂಗಲ್ ಸ್ವತಃ ದೊಡ್ಡ ವೈದ್ಯ. ಅವನು ಆ ಸಂದರ್ಭದಲ್ಲಿ ಎತ್ತಿಹಿಡಿದದ್ದು ಬಾರ್ಲಿಯ ಕಷಾಯವನ್ನು. ಅದರಲ್ಲಿ ಸ್ಕರ್ವಿ ನೀಗುವ ಗುಣ ಇಲ್ಲವೆನ್ನುವಷ್ಟು ಕಡಿಮೆ. ಹೇಳಿದವರು ದೊಡ್ಡವರಾದುದರಿಂದ ಮಾತಿಗೆ ತೂಕ ಬಂತು. ಹನ್ನೆರಡು ಮಂದಿಯ ಪರೀಕ್ಷೆ ನಡೆಸಿದವನು ಆಸ್ಪತ್ರೆಯ ಕೆಲಸದಲ್ಲಿ ಮುಳುಗಿದ್ದನು.

ಲಿಂಡ್ 1783ರಲ್ಲಿ ನಿವೃತ್ತನಾದನು. ಅವನ ಮಗ ಜಾನ್ ಆ ಸ್ಥಾನಕ್ಕೆ ಬಂದನು. ಅವನ ಕೊನೆಯ ದಿನಗಳ ಹೊತ್ತಿಗೆ ಕಥೆ ನಮ್ಮ ದಕ್ಷಿಣ ಭಾರತದ ಕಡೆಗೆ ತಿರುಗುತ್ತದೆ. ಲಿಂಡನ ಗ್ರಂಥವನ್ನು ಓದಿದ್ದ, ಅಧಿಕಾರವಲಯದಲ್ಲಿ ಮಾತು ನಡೆಯುತ್ತಿದ್ದ ಗಿಲ್ಬರ್ಟ್ ಬ್ಲೇನ್ ಎಂಬ ವೈದ್ಯನು ಲಿಂಬೆರಸವನ್ನು ಕಾಯಿಸದೆ ಕೊಡಬೇಕೆಂದು ಒತ್ತಾಯಿಸುತ್ತ ಬಂದಿದ್ದನು. 1794ರಲ್ಲಿ ‘ಸಫೋಕ್’ ಎಂಬ ಯುದ್ಧನೌಕೆ ಭಾರತಕ್ಕೆ ಹೊರಟಿತು. ನಾವಿಕರಿಗೆ ದಿನವೂ ಅಳೆದ ಲಿಂಬೆರಸವನ್ನು ಸಕ್ಕರೆಯೊಂದಿಗೆ ಮದ್ಯದಲ್ಲಿ ಬೆರೆಸಿ ಕೊಡಲಾಯಿತು. ಬ್ಲೇನನ ಲೆಕ್ಕದಂತೆ 23 ವಾರ ಒಂದು ದಿನ ಎಲ್ಲಿಯೂ ದಡ ಮುಟ್ಟದೆ, ಸೆಪ್ಟೆಂಬರ್ 11ರಂದು ಹಡಗು ಮದ್ರಾಸನ್ನು, ಎಂದರೆ ಇಂದಿನ ಚೆನ್ನೈಯನ್ನು ಸೇರಿತು. ಸ್ಕರ್ವಿಯಿಂದ ಒಬ್ಬನೂ ಸತ್ತಿರಲಿಲ್ಲ. ಕೆಲವರಲ್ಲಿ ಅಲ್ಪಸ್ವಲ್ಪ ಚಿಹ್ನೆ ಕಂಡಾಗ ರಸದ ಪ್ರಮಾಣ ಹೆಚ್ಚಿಸಿದರು, ವಾಸಿಯಾಯಿತು. ಈ ಹಡಗು ಇನ್ನೂ ನಡುಸಮುದ್ರದಲ್ಲಿದ್ದಾಗಲೇ, 1794ರ ಜುಲೈ 13ರಂದು, ಗಾಸ್‌ಪೋರ್ಟಿನಲ್ಲಿ ಲಿಂಡ್ ಕಣ್ಮುಚ್ಚಿದ್ದನು. ಮದ್ರಾಸಿನ ಸುದ್ದಿ ಅವನಿಗೆ ತಲುಪಲಿಲ್ಲ.

1795ರಲ್ಲಿ ನೌಕಾಪಡೆ ಲಿಂಬೆರಸ ಒದಗಿಸಲು ಒಪ್ಪಿತು. ಆರು ಜೋಡಿಗಳ ಪರೀಕ್ಷೆ ನಡೆದು ಆಗ 48 ವರ್ಷ, ಗ್ರಂಥ ಅಚ್ಚಾಗಿ 42 ವರ್ಷ ಕಳೆದಿತ್ತು. ಫಲ ಏನಾಯಿತೆಂಬುದಕ್ಕೆ ಲಿಂಡ್ ದುಡಿದ ಆಸ್ಪತ್ರೆಯ ದಾಖಲೆಯೇ ಸಾಕು. 1780ರಲ್ಲಿ ಹ್ಯಾಸ್ಲರಿಗೆ ಸೇರಿದ ಸ್ಕರ್ವಿ ರೋಗಿಗಳು 1,457 ಮಂದಿ. 1806ರಲ್ಲಿ ಒಬ್ಬನೇ ಒಬ್ಬ.

ಮತ್ತೆ ಮರೆತ ಪಾಠ

ಇಲ್ಲಿಗೆ ಮಂಗಳ ಹಾಡಬಹುದಿತ್ತು. ಆದರೆ 1860ರ ದಶಕದಲ್ಲಿ ನೌಕಾಪಡೆ ಮೆಡಿಟರೇನಿಯನ್ ಲಿಂಬೆಯ ಬದಲು ವೆಸ್ಟ್ ಇಂಡೀಸಿನ ಸಣ್ಣ ಹಸಿರು ಲಿಂಬೆಯ ರಸವನ್ನು ಕೊಳ್ಳತೊಡಗಿತು. ಎರಡೂ ಹುಳಿ, ಎರಡೂ ಒಂದೇ ಜಾತಿ ಎಂಬ ಭಾವನೆ. ವಾಸ್ತವವಾಗಿ ಎರಡನೆಯದರಲ್ಲಿ ಸ್ಕರ್ವಿಯನ್ನು ತಡೆಯುವ ಗುಣ ಬಹಳ ಕಡಿಮೆ. 1875ರಲ್ಲಿ ಉತ್ತರಧ್ರುವದತ್ತ ಹೊರಟ ಬ್ರಿಟಿಷ್ ತಂಡದಲ್ಲಿ ಸ್ಕರ್ವಿ ಮತ್ತೆ ತಲೆಯೆತ್ತಿತು. ಲಿಂಬೆಯ ಮೇಲಿನ ನಂಬಿಕೆ ಹೋಗಿ, ಕೆಟ್ಟ ಮಾಂಸವೇ ಕಾರಣವೆಂಬ ವಾದ ಬಂತು. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬವರು ಗಿನಿಯಿಲಿಗಳಲ್ಲಿ ಆಹಾರದಿಂದ ಈ ರೋಗವನ್ನು ಬರಿಸಿ ತೋರಿಸಿದರು. 1932ರ ಹೊತ್ತಿಗೆ ಹಂಗೆರಿಯ ಸೆಂಟ್-ಜೋರ್ಜಿ ಮತ್ತು ಅಮೆರಿಕದ ಚಾರ್ಲ್ಸ್ ಕಿಂಗ್ ಇವರ ಸಂಶೋಧನೆಗಳಿಂದ ಆ ಗುಣಕಾರಿ ಅಂಶ ಸಿ ಜೀವಸತ್ವವೆಂಬುದು ಖಚಿತವಾಯಿತು.

ಲಿಂಡನ ಹಣ್ಣಿಗಿಂತ ಅವನ ಕ್ರಮಕ್ಕೆ ಹೆಚ್ಚಿನ ಆಯುಸ್ಸು. 1948ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಮದ್ದಿನ ಪರೀಕ್ಷೆಯನ್ನು ಪ್ರಕಟಿಸಿತು. ರೋಗಿಗಳು 107 ಮಂದಿ. ಯಾರಿಗೆ ಮದ್ದು, ಯಾರಿಗೆ ಹಾಸಿಗೆಯ ವಿಶ್ರಾಂತಿ ಮಾತ್ರ ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡಲಿಲ್ಲ. ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫರ್ಡ್ ಹಿಲ್ ಚೀಟಿ ಎತ್ತಿದಂತೆ ನಿರ್ಧರಿಸಿ ಮುಚ್ಚಿದ ಲಕೋಟೆಯಲ್ಲಿರಿಸಿದನು. ಆರು ತಿಂಗಳಲ್ಲಿ ಮದ್ದು ಪಡೆದ 55 ಮಂದಿಯಲ್ಲಿ 4 ಮಂದಿ, ಪಡೆಯದ 52ರಲ್ಲಿ 14 ಮಂದಿ ತೀರಿಕೊಂಡಿದ್ದರು. ಗಟ್ಟಿಮುಟ್ಟಾದ ರೋಗಿಯನ್ನು ತನಗೆ ಬೇಕಾದ ಗುಂಪಿಗೆ ಸೇರಿಸಿಬಿಡುವ ಮನುಷ್ಯಸಹಜ ಆಸೆಗೆ ಅಲ್ಲಿ ಎಡೆಯಿರಲಿಲ್ಲ.

ಸಾಕ್ಷ್ಯಕ್ಕೆ ದರ್ಜೆ

ಪರೀಕ್ಷೆಗಳು ಸಾವಿರಗಟ್ಟಲೆಯಾದಂತೆ ಅವುಗಳ ತೂಕ ನೋಡುವ ತಕ್ಕಡಿಯೂ ಬೇಕಾಯಿತು. 2000ನೇ ಇಸವಿಯಲ್ಲಿ ಹಲವು ದೇಶಗಳ ತಜ್ಞರು ಸೇರಿ ‘ಗ್ರೇಡ್’ ಎಂಬ ಪದ್ಧತಿಯನ್ನು ರೂಪಿಸತೊಡಗಿದರು. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಬಳಸುತ್ತದೆ. ಒಂದು ಚಿಕಿತ್ಸೆಯ ಹಿಂದಿರುವ ಸಾಕ್ಷ್ಯಕ್ಕೆ ಉನ್ನತ, ಮಧ್ಯಮ, ಕೆಳ, ತೀರ ಕೆಳ ಎಂದು ನಾಲ್ಕು ದರ್ಜೆ. ಚೀಟಿ ಎತ್ತಿ ಗುಂಪು ಮಾಡಿದ ಪರೀಕ್ಷೆ ಉನ್ನತ ದರ್ಜೆಯಿಂದ ಹೊರಡುತ್ತದೆ. ಬರಿಯ ಅವಲೋಕನ ಕೆಳ ದರ್ಜೆಯಿಂದ ಹೊರಡುತ್ತದೆ. ಪರೀಕ್ಷೆ ನಡೆಸಿದ ರೀತಿಯಲ್ಲಿ ಪಕ್ಷಪಾತಕ್ಕೆ ಎಡೆಯಿದ್ದರೆ, ಒಂದು ಪರೀಕ್ಷೆಗೂ ಇನ್ನೊಂದಕ್ಕೂ ತಾಳೆಯಾಗದಿದ್ದರೆ, ಪರೀಕ್ಷಿಸಿದ್ದು ಒಂದು, ಅನ್ವಯಿಸಿದ್ದು ಇನ್ನೊಂದು ಆದರೆ, ರೋಗಿಗಳ ಸಂಖ್ಯೆ ತೀರ ಕಡಿಮೆಯಿದ್ದರೆ, ಅಥವಾ ಅನುಕೂಲವಲ್ಲದ ಫಲಿತಾಂಶಗಳನ್ನು ಅಚ್ಚುಮಾಡದೆ ಮುಚ್ಚಿಟ್ಟ ಸಂಶಯವಿದ್ದರೆ, ದರ್ಜೆ ಇಳಿಯುತ್ತದೆ. ಅವಲೋಕನದಲ್ಲಿಯೂ ಪರಿಣಾಮ ಬಹಳ ದೊಡ್ಡದಾಗಿ ಕಂಡರೆ ದರ್ಜೆ ಏರಬಹುದು.

ಶಿಕ್ಷಕರಾದ ನಮಗೆ ಇದು ಅಪರಿಚಿತವಲ್ಲ. ಗಣಿತದ ಉತ್ತರಪತ್ರಿಕೆ ತಿದ್ದುವಾಗ ಕೊನೆಯ ಉತ್ತರ ಸರಿಯಿದ್ದರೂ ಅಲ್ಲಿಗೆ ತಲುಪಿದ ಹಂತಗಳಿಲ್ಲದಿದ್ದರೆ ನಾವು ಪೂರ್ಣ ಅಂಕ ಕೊಡುವುದಿಲ್ಲ. ಉತ್ತರ ಕಂಡುಕೊಂಡದ್ದು ಹೇಗೆಂಬುದಕ್ಕೂ ಅಂಕವಿದೆ. ಬರೆದ ಹುಡುಗ ಯಾರ ಮನೆಯವನೆಂಬುದಕ್ಕೆ ಅಂಕವಿಲ್ಲ.

ಈ ತಕ್ಕಡಿಯಲ್ಲಿ ಲಿಂಡನ ಪರೀಕ್ಷೆಯನ್ನೇ ಇಟ್ಟು ನೋಡೋಣ. ಒಂದೊಂದು ಮದ್ದಿಗೆ ಇಬ್ಬರೇ ರೋಗಿಗಳು. ಯಾರಿಗೆ ಯಾವ ಮದ್ದೆಂದು ಚೀಟಿ ಎತ್ತಲಿಲ್ಲ. ತೀರ ಕಷ್ಟದವರಿಗೆ ಸಮುದ್ರದ ನೀರು ಹೋಯಿತು. ಪುನಃ ಮಾಡಿ ನೋಡಲಿಲ್ಲ. ಕಟ್ಟುನಿಟ್ಟಿನ ಪರೀಕ್ಷಕನು ಇದಕ್ಕೆ ಉನ್ನತ ದರ್ಜೆ ಕೊಡಲಾರ. ಆದರೆ ಆರು ದಿನಗಳಲ್ಲಿ ಕಂಡ ಅಂತರ ದೊಡ್ಡದು. ಹತ್ತು ಹಡಗುಗಳಲ್ಲಿ ಮತ್ತೊಮ್ಮೆ ಪರೀಕ್ಷಿಸಿರೆಂದು ಕೂಗಿ ಹೇಳುವಂಥದ್ದು. ಕಾಯಿಸಿದ ಪಾಕಕ್ಕೆ ಇದ್ದದ್ದು ಊಹೆ ಮಾತ್ರ, ಅದು ತೀರ ಕೆಳಗೆ. ಕುಕ್ಕನ ಬಾರ್ಲಿ ಕಷಾಯವೂ ತೀರ ಕೆಳಗೆ, ಪದಕವಿದ್ದರೂ ಸರಿ. ಇಷ್ಟನ್ನು ಒಂದೇ ಹಾಳೆಯ ಮೇಲೆ ಬರೆದು ನೌಕಾಧಿಕಾರಿಗಳ ಮುಂದಿಡುವವರಿದ್ದಿದ್ದರೆ, ಯಾವುದನ್ನು ನಂಬಬೇಕೆಂಬುದಲ್ಲದಿದ್ದರೂ ಯಾವುದನ್ನು ಮೊದಲು ಪರೀಕ್ಷಿಸಬೇಕೆಂಬುದಾದರೂ ತಿಳಿಯುತ್ತಿತ್ತು. ನಲವತ್ತೆಂಟು ವರ್ಷ ಕಾಯಬೇಕಿರಲಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕೆಳದರ್ಜೆಯ ಸಾಕ್ಷ್ಯವೆಂದರೆ ಮದ್ದು ಸುಳ್ಳೆಂದು ಅರ್ಥವಲ್ಲ. 1617ರ ಲಿಂಬೆಯ ಮಾತು ಕೆಳದರ್ಜೆಯದೇ ಆಗಿತ್ತು, ಆದರೂ ನಿಜವಾಗಿತ್ತು. ಇನ್ನೂ ತಿಳಿದಿಲ್ಲ, ತಿಳಿದ ಮೇಲೆ ಅಭಿಪ್ರಾಯ ಬದಲಾಗಬಹುದು ಎಂಬುದಷ್ಟೇ ಅದರ ಅರ್ಥ. ಹಾಗೆಯೇ ಸಾಕ್ಷ್ಯದ ದರ್ಜೆ ಬೇರೆ, ಸಲಹೆಯ ಬಲ ಬೇರೆ. ಸಲಹೆ ಕೊಡುವಾಗ ಮದ್ದಿನ ಲಾಭದೊಂದಿಗೆ ಅದರ ಹಾನಿ, ಖರ್ಚು, ರೋಗಿಯ ಇಷ್ಟ ಇವನ್ನೂ ತೂಗಿ ನೋಡಬೇಕೆಂದು ಅದೇ ಪದ್ಧತಿ ಹೇಳುತ್ತದೆ. ಆದುದರಿಂದ ಇದನ್ನೋದಿ ಯಾರೂ ನಡೆಯುತ್ತಿರುವ ಮದ್ದನ್ನು ತಾವಾಗಿ ನಿಲ್ಲಿಸಬಾರದು.

ನಮ್ಮ ಮನೆಗಳಲ್ಲಿ ಮಾಡಬಹುದಾದುದು ಇಷ್ಟು. ಮದ್ದು ಹೇಳಿದವರನ್ನು, ಅದು ಅಜ್ಜಿಯಿರಲಿ, ಜಾಹೀರಾತಿರಲಿ, ದೊಡ್ಡ ಹೆಸರಿನವರಿರಲಿ, ವಿನಯದಿಂದಲೇ ನಾಲ್ಕು ಮಾತು ಕೇಳಬಹುದು. ಇದನ್ನು ಯಾವುದರೊಂದಿಗೆ ಹೋಲಿಸಿ ನೋಡಿದ್ದಾರೆ? ಎಷ್ಟು ಮಂದಿಯಲ್ಲಿ? ಗುಣವಾಗದವರ ಲೆಕ್ಕವನ್ನೂ ಇಟ್ಟಿದ್ದಾರೆಯೇ? ಪರೀಕ್ಷಿಸಿದ್ದು ಇದನ್ನೇ, ಅಥವಾ ಇದರಂತೆ ಕಾಣುವ ಇನ್ನೊಂದನ್ನೇ? ಡಾಕ್ಟರರ ಮುಂದೆ ಕುಳಿತಾಗಲೂ ಕೇಳಬಹುದು. ಕನ್ನಡದಲ್ಲಾಗಲಿ ಮಲೆಯಾಳದಲ್ಲಾಗಲಿ, ಕೇಳುವುದು ಅವಿನಯವಲ್ಲ. ನಮ್ಮ ಮಕ್ಕಳಿಗೂ ಈ ನಾಲ್ಕು ಪ್ರಶ್ನೆಗಳನ್ನು ಪಾಠದೊಂದಿಗೆ ಕಲಿಸುವುದು ಒಳ್ಳೆಯದು.

ಲಿಂಡ್ ಪರೀಕ್ಷೆ ಆರಂಭಿಸಿದ ಮೇ 20ನ್ನು 2005ರಿಂದ ಅಂತಾರಾಷ್ಟ್ರೀಯ ಚಿಕಿತ್ಸಾ ಪರೀಕ್ಷಾ ದಿನವೆಂದು ಆಚರಿಸುತ್ತಿದ್ದಾರೆ. ಹಣ್ಣು ತಿಂದು ಎದ್ದು ನಿಂತ ಆ ಇಬ್ಬರು ನಾವಿಕರ ಹೆಸರನ್ನು ಅವನ ಗ್ರಂಥ ಹೇಳುವುದಿಲ್ಲ. ಸಮುದ್ರದ ನೀರು ಕುಡಿದ ಇಬ್ಬರ ಹೆಸರನ್ನೂ ಹೇಳುವುದಿಲ್ಲ. ಲಿಂಡನಿಗೆ ನಾವು ಸಲ್ಲಿಸುವ ಗೌರವದಲ್ಲಿ ಆ ಹನ್ನೆರಡು ಮಂದಿಗೂ ಪಾಲಿದೆ.